ಲೆಕ್ಕಕ್ಕೆ ಬಾರದ ನಾಟಿ

ಪರದೇಶದ ದುಡ್ಡಿನಲ್ಲಿ ನಡೆಯುವ ಯೋಜನೆಗಳಲ್ಲಿ ಈಗ 'ಹೊಂದಿಕೊಂಡು ನಡೆಯಬೇಕು' ಅನ್ನುವ ಮಾತು ಬಹಳ ಕೇಳುತ್ತದೆ. ಊರಿನ ಸ್ಥಿತಿ ನೋಡಿ ಕೆಲಸವನ್ನು ನಡುವೆಯೇ ತಿದ್ದಿಕೊಳ್ಳೋದು ಅಂತ ಅರ್ಥ. ಮಾತು ಒಳ್ಳೆಯದೇ. ತಿದ್ದುವ ಅಧಿಕಾರ ಯಾರ ಕೈಯಲ್ಲಿ ಅನ್ನೋದೇ ನನ್ನ ತಕರಾರು.

ಶ್ರೀ ಪದ್ಧತಿಯ ಭತ್ತವನ್ನೇ ನೋಡಿ. ಮಡಗಾಸ್ಕರ್ ದೇಶದಲ್ಲಿ 1983ರಲ್ಲಿ ಒಬ್ಬ ಫ್ರೆಂಚ್ ಪಾದ್ರಿ, ಎಳೆಯ ಪೈರನ್ನೇ ನಾಟಿ ಮಾಡಬೇಕಾಗಿ ಬಂದಾಗ ಅದು ದಂಡಿಯಾಗಿ ತೆಂಡೆ ಒಡೆದದ್ದನ್ನು ಕಂಡರು. ಪದ್ಧತಿ ಬೆಳೆದದ್ದೇ ಹಾಗೆ, ಗದ್ದೆಯಲ್ಲಿ ನೋಡಿ ನೋಡಿ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಕಟ್ಟಳೆಯಾಗಿತ್ತು: 14 ದಿನದ ಪೈರು, ಗುಣಿಗೆ ಒಂದೇ ಸಸಿ, 22.5 ಸೆಂಟಿಮೀಟರ್ ಅಂತರ, ನೀರು ಒಮ್ಮೆ ಕಟ್ಟಿ ಒಮ್ಮೆ ಆರಿಸಬೇಕು.

ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆ ಗದ್ದೆಗೆ ಮುಲ್ಲೈಪೆರಿಯಾರ್ ನೀರೇ ಗತಿ. ಅಣೆಕಟ್ಟೆಯಲ್ಲಿ ನೀರಿದ್ದರೆ ಜೂನ್ ಮೊದಲಿಗೆ ಬಿಡುತ್ತಾರೆ, ಇಲ್ಲದಿದ್ದರೆ ತಡ. ಮೇಲಿನವನ ಗದ್ದೆ ತುಂಬಿಯೇ ಕೆಳಗಿನವನಿಗೆ ಹರಿಯಬೇಕಾದ ಕಡೆ, ನನ್ನ ಗದ್ದೆಯನ್ನು ಬೇಕೆಂದಾಗ ಆರಿಸೋದು ಹೇಗೆ? ಪಕ್ಕದ ಗದ್ದೆಯವರು ನೀರಿಗೆ ಕಾದು 20 ದಿನದ ಪೈರನ್ನು ಗುಣಿಗೆ ಎರಡರಂತೆ, ಅಗಲವಾಗಿ ನೆಟ್ಟರು. ಬೀಜ ಉಳಿಯಿತು, ಬೆಳೆಯೂ ಬಂತು. ನೋಡಲು ಬಂದ ಹುಡುಗ ಬುದ್ಧಿವಂತ, ಕಂಡು ಸಂತೋಷಪಟ್ಟ. ಆದರೆ ಅವನ ಕಾಗದದಲ್ಲಿ 'ಹೌದು', 'ಇಲ್ಲ' ಎರಡೇ ಮನೆ. 'ಇಲ್ಲ' ಅಂತ ಗುರುತು ಹಾಕಿ ಹೋದ.

ನಾವು ಹಾಡುವವರು ಪಲ್ಲವಿ ಬಿಡೋದಿಲ್ಲ, ಕೇಳುವ ಜನ ನೋಡಿ ಚರಣ ಹಿಗ್ಗಿಸುತ್ತೇವೆ. ಕಮ್ಮಿ ಬೀಜ, ಎಳೆಯ ಪೈರು, ಬೇರಿಗೆ ಗಾಳಿ ಇವಿಷ್ಟು ಪಲ್ಲವಿ. ಉಳಿದದ್ದನ್ನು ನಮಗೆ ಬಿಡಬಹುದಿತ್ತು.

ಆಗದ ಮಾತೇನಲ್ಲ. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಒಂದೇ ಸಲ ಎಲ್ಲ ಕಡೆ ನುಗ್ಗಲಿಲ್ಲ. ಹಂತಹಂತವಾಗಿ ಹೋಯಿತು. ಉಪಗ್ರಹದ ಚಿತ್ರ ನೋಡಿದರು, ಊರಿಗೂ ಹೋಗಿ ಕೇಳಿದರು, ಮೊದಲ ಹಂತದಲ್ಲಿ ಕಲಿತದ್ದನ್ನು ಮುಂದಿನದಕ್ಕೆ ಹಾಕಿದರು. ಅಲ್ಲಿ ಎಲ್ಲವೂ ಸರಿಯಿತ್ತು ಅಂತ ನಾನನ್ನುವುದಿಲ್ಲ. ತಿದ್ದಲು ಜಾಗ ಇತ್ತು, ಅಷ್ಟೇ.

ಇನ್ನೊಂದು ಮೋಸವೂ ಉಂಟು. ವರ್ಷದ ಕೊನೆಗೆ ಕೆಲಸ ಮುಗಿಯದಿದ್ದರೆ ಗುರಿಯನ್ನೇ ಇಳಿಸಿ, ಅದನ್ನೂ 'ಹೊಂದಿಕೊಂಡೆವು' ಅನ್ನುತ್ತಾರೆ. ಅದಕ್ಕೇ ಕಾಗದದಲ್ಲಿ ಮೂರನೇ ಮನೆ ಬೇಕು: ರೈತ ಏನು ಬದಲಿಸಿದ, ಯಾಕೆ ಬದಲಿಸಿದ. ಅದನ್ನು ಗದ್ದೆಯ ಬದುವಿನ ಮೇಲೆ ಕೂತೇ ಬರೆಯಲಿ. ಅದಕ್ಕೆ ಬೇಕಾದ ದುಡ್ಡನ್ನು ಚೆನ್ನೈಗೆ ಬರೆದು ಕಾಯದೆ ಕೊಡುವ ಹಕ್ಕು ಆ ಹುಡುಗನಿಗೇ ಇರಲಿ.