ತಾನೇ ತೆಗೆದ ಮಾದರಿ: ಸೊನ್ನೆಗೆ ಅರ್ಥವೇನು?

ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಹ್ಯೂಮನ್ ಪ್ಯಾಪಿಲೋಮ ವೈರಸ್ಸಿನ (ಎಚ್‌ಪಿವಿ) ಪರೀಕ್ಷೆಗೆ ಮಹಿಳೆ ತಾನೇ ಯೋನಿಯಿಂದ ಮಾದರಿ ತೆಗೆದುಕೊಡಬಹುದು, ವೈದ್ಯರು ತೆಗೆದದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ ಎಂಬ ಮಾತನ್ನು ನೀವು ಓದಿರಬಹುದು. ಮೊದಲರ್ಧ ಸರಿ, ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಅದನ್ನು ಒಪ್ಪಿದೆ. ಉಳಿದರ್ಧವನ್ನು, ತರಗತಿಯಲ್ಲಿ ಅಳತೆಯ ಪಾಠ ಹೇಳುವ ನಾವು ಪ್ರಶ್ನಿಸದೆ ಬಿಡುವಂತಿಲ್ಲ.

ಎಚ್‌ಪಿವಿ ಪರೀಕ್ಷೆ ಜೀವ ಉಳಿಸುತ್ತದೆ ಎನ್ನಲು ಭಾರತದಲ್ಲಿ ದೊಡ್ಡ ಆಧಾರ, ಬೀದರಿಗೆ ಹೊಂದಿಕೊಂಡ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಅಧ್ಯಯನ. 2009ರಲ್ಲಿ ಪ್ರಕಟವಾದ ಅದರಲ್ಲಿ, ಒಮ್ಮೆ ಎಚ್‌ಪಿವಿ ಪರೀಕ್ಷೆಗೆ ಆರಿಸಿದ 34,126 ಮಹಿಳೆಯರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ನೀಡದ 31,488 ಮಂದಿಯಲ್ಲಿ 64. (ಆ ಎರಡನೆಯ ಗುಂಪಿನ ಬಗ್ಗೆ ಎದ್ದ ನೈತಿಕ ಆಕ್ಷೇಪ ಸಣ್ಣದೇನಲ್ಲ.) ಆದರೆ ಅಲ್ಲಿ ಮಾದರಿ ತೆಗೆದವರು ತರಬೇತಿ ಪಡೆದ ದಾದಿಯರು. ಬಳಸಿದ್ದು ‘ಹೈಬ್ರಿಡ್ ಕ್ಯಾಪ್ಚರ್’ ಪರೀಕ್ಷೆ.

ಈ ಪರೀಕ್ಷೆ ವೈರಸ್ಸಿನ ಡಿಎನ್‌ಎಯನ್ನು ಹೆಚ್ಚಿಸುವುದಿಲ್ಲ. ಅದಕ್ಕೆ ಅಂಟಿಸಿದ ಪ್ರತಿಕಾಯಗಳಿಂದ ಹೊಮ್ಮುವ ಬೆಳಕನ್ನು ಅಳೆಯುತ್ತದೆ. ಪಿಸಿಆರ್ ವಿಧಾನದಲ್ಲಾದರೋ ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿ. ಆದರ್ಶ ಸ್ಥಿತಿಯಲ್ಲಿ 30 ಸುತ್ತಿಗೆ ಒಂದು ಪ್ರತಿ 100 ಕೋಟಿ ಮೀರುತ್ತದೆ. 2018ರಲ್ಲಿ 56 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಪಿಸಿಆರ್ ಬಳಸಿದಾಗ ತಾನೇ ತೆಗೆದ ಮಾದರಿ ವೈದ್ಯರದಕ್ಕೆ ಬಹುತೇಕ ಸಮ; ಮೊದಲ ಬಗೆಯ ಪರೀಕ್ಷೆಯಲ್ಲಿ ರೋಗ ಪತ್ತೆ ಸುಮಾರು ಶೇ. 15ರಷ್ಟು ಕಡಿಮೆ. ಹಾಗಾಗಿ ‘ಮಾದರಿ ಸಮ’ ಎನ್ನುವವರು ಉಪಕರಣದ ಹೆಸರನ್ನೂ ಹೇಳಬೇಕು.

ಇನ್ನೊಂದು ತೊಡಕಿದೆ. ಮಂಡಲಕ್ಕೆ ಜೋಡಿಸದ ಅಮ್ಮೀಟರೂ ಸೊನ್ನೆಯನ್ನೇ ತೋರಿಸುತ್ತದೆ. ಬೆಳಕು ಕಾಣದಿದ್ದರೆ ವೈರಸ್ ಇಲ್ಲವೋ, ಕುಂಚಕ್ಕೆ ಜೀವಕೋಶಗಳೇ ಅಂಟಲಿಲ್ಲವೋ? ಹೈಬ್ರಿಡ್ ಕ್ಯಾಪ್ಚರ್ ಇದನ್ನು ಹೇಳಲಾರದು. ಹಲವು ಪಿಸಿಆರ್ ಪರೀಕ್ಷೆಗಳು ಜೊತೆಯಲ್ಲೇ ಮಾನವ ಜೀನೊಂದನ್ನೂ ಹುಡುಕುತ್ತವೆ. ಅದು ಸಿಗದಿದ್ದರೆ ಮಾದರಿಯೇ ಅಸಿಂಧು.

ಹಾಗೆಂದು ವಿಧಾನವನ್ನೇ ತಳ್ಳಿಹಾಕುವುದು ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ಅಲ್ಲಾಳಸಂದ್ರದಲ್ಲಿ ಮನೆಗೆಲಸ ಮಾಡುವ ಮಹಿಳೆ ಊರಿನ ಇನ್ನೊಂದು ತುದಿಯ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರಬೇಕಾದರೆ ಒಂದು ದಿನದ ಕೂಲಿ ಹೋಯಿತು. ಅಂಥವರಿಗೆ ಕುಂಚ ಮನೆಗೇ ಬರುವುದು ನಿಜವಾದ ಅನುಕೂಲ. ಆದರೆ ವೈರಸ್ ಕಂಡರೆ ಅದು ಕ್ಯಾನ್ಸರ್ ಅಲ್ಲ. ಮುಂದಿನ ಪರೀಕ್ಷೆಗೆ ಆಕೆ ಆಸ್ಪತ್ರೆಗೆ ಹೋಗಲೇಬೇಕು. ಇಂಥ ಕಾರ್ಯಕ್ರಮದ ವರದಿ ನಿಮ್ಮ ಕೈಗೆ ಬಂದಾಗ ಹಂಚಿದ ಕುಂಚಗಳ ಲೆಕ್ಕವನ್ನು ಬದಿಗಿಟ್ಟು, ವೈರಸ್ ಕಂಡವರಲ್ಲಿ ಎಷ್ಟು ಮಂದಿ ಚಿಕಿತ್ಸೆ ತಲುಪಿದರು ಎಂಬ ಸಾಲನ್ನು ಹುಡುಕಿ.