ಚಿತ್ರ ನೋಡಿ ಹೇಳಿದ ಮಾತು, ಮುಖ ನೋಡಿ ಆಡಿದ ಮಾತು

ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲಿನ ಎಐ ಸಂಶೋಧನಾ ಕೇಂದ್ರವಾದ ಆರ್ಟ್‌ಪಾರ್ಕ್, ಗೂಗಲ್ ಜೊತೆಗೂಡಿ 2022ರಲ್ಲಿ ಘೋಷಿಸಿದ ‘ವಾಣಿ’ ಯೋಜನೆಗೆ ಹೊಗಳಿಕೆ ಬೇಕಾದಷ್ಟು ಸಿಕ್ಕಿದೆ. 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳ ಮಾತು ಕೂಡಿಸುವುದು ಅದರ ಗುರಿ. ಸಂಗ್ರಹವನ್ನು ಎಲ್ಲರ ಬಳಕೆಗೂ ಮುಕ್ತವಾಗಿಟ್ಟದ್ದು ಒಳ್ಳೆಯ ಕೆಲಸ. ಯಂತ್ರಕ್ಕೆ ಕನ್ನಡ ಕಲಿಸುವುದಷ್ಟೇ ಉದ್ದೇಶವಾದರೆ ನನ್ನದೇನೂ ತಕರಾರಿಲ್ಲ. ಇದನ್ನು ಉಪಭಾಷೆಗಳ ದಾಖಲೆಯೆಂದೂ ಜನರೇ ನಡೆಸಿದ ಸಮೀಕ್ಷೆಯೆಂದೂ ಕೊಂಡಾಡುವುದನ್ನು ಮಾತ್ರ ಒಪ್ಪಲಾರೆ.

ತೊಡಕಿರುವುದು ವಿಧಾನದಲ್ಲೇ. ಒಂದು ಚಿತ್ರ ತೋರಿಸುತ್ತಾರೆ, ಕಂಡದ್ದನ್ನು ಹೇಳಿ ಎನ್ನುತ್ತಾರೆ. ಎಳನೀರು ಮಾರುವವನ ಚಿತ್ರವೆಂದೇ ಇಟ್ಟುಕೊಳ್ಳಿ. ಮೊಬೈಲು ಮುಂದೆ ಹಿಡಿದ ತಕ್ಷಣ ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದವರ ಬಾಯಲ್ಲೂ ಬರುವುದು ಶಾಲೆಯ ಕನ್ನಡ: ‘ಇಲ್ಲಿ ಒಬ್ಬ ವ್ಯಕ್ತಿ ಎಳನೀರು ಮಾರುತ್ತಿದ್ದಾನೆ.’ ಅವರೇ ಸಂತೆಗೆ ಹೋದರೆ ಮಾರುವವನೊಡನೆ ಮಾತು ಹೀಗಿರುತ್ತದೆ: ‘ಎಳ್ನೀರ್ ಎಂಗ್ ಕೊಡ್ತೀಯಪ್ಪ?’ ‘ತಗಳಣ್ಣ, ನಿಮ್ಗೆ ಜಾಸ್ತಿ ಏಳ್ತೀನಾ?’ ಹಕಾರ ಬಿಟ್ಟದ್ದು, ಅಪ್ಪ–ಅಣ್ಣ ಎಂಬ ಸಲುಗೆ, ಪ್ರಶ್ನೆಯ ಧಾಟಿ, ಬೆಲೆ ಇಳಿಸದೆ ಒಪ್ಪಿಸುವ ಜಾಣ್ಮೆ ಎಲ್ಲವೂ ಈ ಎರಡು ಸಾಲಿನಲ್ಲಿವೆ. ಚಿತ್ರಕ್ಕೆ ಯಾರೂ ‘ಬಾರ್ಲಾ’ ಎನ್ನುವುದಿಲ್ಲ. ನಿನ್ನೆ ನಡೆದದ್ದನ್ನು ಅದಕ್ಕೆ ಹೇಳಬೇಕಾಗಿಲ್ಲ, ನಾಳೆಗೆ ಮಾತು ಕೊಡಬೇಕಾಗಿಲ್ಲ. ಹೀಗಾಗಿ ಆಜ್ಞೆ, ಕೋರಿಕೆ, ಬೈಗುಳ, ಸಂಬೋಧನೆಗಳಿಗೆ ಇಲ್ಲಿ ಎಡೆಯೇ ಇಲ್ಲ. ಹಿರಿಯೂರಿನ ‘ಐತೆ’, ‘ಅವ್ನೆ’ ಯಾವ ಊರಿನವರೆಗೆ ಸಾಗಿ, ಎಲ್ಲಿಂದ ಬಳ್ಳಾರಿ ಕಡೆಯ ‘ಅದಾನ’ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಹೊರಟವರಿಗೆ ‘ಇದೆ, ಇದ್ದಾನೆ’ಗಳ ರಾಶಿಯಿಂದ ಏನು ಸಿಕ್ಕೀತು?

ಗಂಟೆಗಳು ಹೆಚ್ಚಿದರೆ ಉಪಭಾಷೆ ತಾನಾಗಿ ಸಿಗುತ್ತದೆ ಎಂದು ವಾದಿಸುವವರಿದ್ದಾರೆ. ಕೇಳುವ ರೀತಿಯೇ ಮಾತನ್ನು ತಿದ್ದುತ್ತಿದ್ದರೆ, ಗಂಟೆ ಹೆಚ್ಚಿದಷ್ಟೂ ತಿದ್ದಿದ ಮಾತೇ ಹೆಚ್ಚುತ್ತದೆ. ಬ್ರಿಟಿಷರ ಕಾಲದ ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಯಲ್ಲೂ ಕೊರತೆಗಳಿದ್ದವು: ಅದು ಮೈಸೂರು ಸಂಸ್ಥಾನವನ್ನು ಕೈಬಿಟ್ಟಿತ್ತು. ಊರೂರ ಮಾತಿಗೂ ಬೈಬಲ್ಲಿನ ಒಂದೇ ಕಥೆಯನ್ನು ಅನುವಾದಿಸಿ ಹೊರಿಸಿದ್ದೂ ದೋಷವೇ. ಆದರೂ ದಾರಿ ತಪ್ಪಿದ ಮಗನ ಆ ಕಥೆಯಲ್ಲಿ ಮಗ ಅಪ್ಪನನ್ನು ಕೇಳುತ್ತಾನೆ, ಅಣ್ಣ ಮುನಿಯುತ್ತಾನೆ, ಅಪ್ಪ ಸಮಾಧಾನ ಹೇಳುತ್ತಾನೆ. ಮನುಷ್ಯರು ಪರಸ್ಪರ ಮಾತಾಡುತ್ತಾರೆ. ನೂರು ವರ್ಷ ದಾಟಿ ಬಂದ ನಾವು ಅಷ್ಟನ್ನೂ ಕಳೆದುಕೊಂಡೆವು.

ಹಾಗೆಂದು ವಿದ್ವಾಂಸರ ಹಳೆಯ ದಾರಿಯೇ ಲೇಸು ಎನ್ನುವವರ ಜೊತೆಗೂ ನಾನಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಿಂದ ಭಾಷಾವಿಜ್ಞಾನಿ ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ಅಧ್ಯಯನ 1968ರಲ್ಲೇ ಬಂತು. ಕಸುಬು ಅಚ್ಚುಕಟ್ಟು, ಆದರೆ ಬರಹ ಇಂಗ್ಲಿಷಿನದು. ಆ ಮಾತಾಡಿದ ನಂಜನಗೂಡಿನ ಒಕ್ಕಲಿಗರಿಗೆ ಅದು ತಲುಪುವ ದಾರಿಯೇ ಇರಲಿಲ್ಲ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಇದಕ್ಕಿಂತ ಮೇಲಾದ ಮಾದರಿಯಿದೆ. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೇಳಿ ಕನ್ನಡದಲ್ಲೇ ಅಚ್ಚುಮಾಡಿದರು. ಹಾಡಿದವಳ ಹೆಸರು ಉಳಿಯಿತು, ಅವಳ ಮಾತು ನಾಡಿನ ಓದುಗರಿಗೆ ಸಿಕ್ಕಿತು. ಇದನ್ನು ಬರೀ ಜಾನಪದವೆಂದು ಬದಿಗಿಟ್ಟರೆ ದೊಡ್ಡ ನಷ್ಟ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸ್ವಯಂಸೇವಕರನ್ನು ಕೂಡಿಸುವುದಾದರೆ ಚಿತ್ರಗಳನ್ನು ಪಕ್ಕಕ್ಕಿಡಿ. ಇಬ್ಬರನ್ನು ಎದುರುಬದುರು ಕೂರಿಸಿ. ಅಡಿಕೆ ಸುಲಿಯುತ್ತಲೋ ಕಡ್ಲೆಕಾಯಿ ಬಿಡಿಸುತ್ತಲೋ ಮಾತಾಡಲಿ. ಒಪ್ಪಿಗೆ ಪಡೆದು ದಾಖಲಿಸಿ, ಅದೇ ಹಟ್ಟಿಯಲ್ಲಿ ಮತ್ತೆ ಕೇಳಿಸಿ. ‘ನಾವ್ ಇಂಗನ್ನಲ್ಲ’ ಎಂದು ಅವರು ತಿದ್ದಿದ್ದನ್ನೂ ಬರೆದುಕೊಂಡು, ಫಲಿತಾಂಶವನ್ನು ಕನ್ನಡದಲ್ಲೇ ಕೊಡಿ. ತಿದ್ದುವ ಹಕ್ಕು ಜನರಿಗೆ ಸಿಗುವವರೆಗೂ ಯಾವ ಸಂಗ್ರಹವನ್ನೂ ಜನರ ಸಮೀಕ್ಷೆ ಎಂದು ಕರೆಯಬಾರದು.