ಕಡಲಿನವರನ್ನ ಕೇಳಿದ್ರಾ?

ಬೇಸಿಗೆ ಬಂತು, ಟ್ಯಾಂಕರ್ ರೇಟು ಏರಿತು ಅಂದ್ರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಲಹೆ ತಪ್ಪದೆ ಬರುತ್ತೆ: “ಇಸ್ರೇಲ್‌ನವರು ಮಾಡಲ್ವಾ? ನಾವೂ ಸಮುದ್ರದ ನೀರನ್ನ ಸಿಹಿ ಮಾಡಿ ಮಂಗಳೂರಿಂದ ಪೈಪಲ್ಲಿ ತಂದ್ರಾಯ್ತು.” ನಾಲ್ಕು ಜನ ಥಮ್ಸ್ ಅಪ್ ಹಾಕ್ತಾರೆ, ಮಾತು ಮುಗಿಯುತ್ತೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರೋ ಊರಿಗೆ ಘಟ್ಟ ಹತ್ತಿಸಿ ನೀರು ತರೋ ಕರೆಂಟ್ ಬಿಲ್ಲು ಯಾರು ಕಟ್ತಾರೆ ಅನ್ನೋದು ಇರಲಿ. ನನ್ನ ತಕರಾರು ಅದಕ್ಕಿಂತ ಹಿಂದಿನದು. ಇಂಥದ್ದೊಂದು ಪ್ಲಾಂಟ್ ಕಡಲತೀರಕ್ಕೆ ಬರೋ ಮೊದಲು ಯಾರನ್ನ ಕೇಳಬೇಕು? ಏನಂತ ಕೇಳಬೇಕು?

ನಮ್ಮ ಕಾನೂನು ಏನು ಹೇಳುತ್ತೆ ನೋಡಿ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆಯ ವಿಧಾನ ಕಾಗದದ ಮೇಲಂತೂ ಅಚ್ಚುಕಟ್ಟಾಗಿದೆ. 30 ದಿನ ಮೊದಲೇ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯೊಬ್ಬರು ಅಧ್ಯಕ್ಷತೆ ವಹಿಸಬೇಕು, ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಗೆ ಜನ ಏನೇನು ಹೇಳಿದರು ಅನ್ನೋದನ್ನ ಅವರದೇ ಭಾಷೆಯಲ್ಲಿ ಅವರ ಮುಂದೆಯೇ ಓದಬೇಕು. ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ, ಜನರ ಮಾತಿಗೆ ವೀಟೊ ಅಧಿಕಾರವೂ ಇಲ್ಲ. ಆದರೂ ಅದು ದಾಖಲೆಗೆ ಹೋಗುತ್ತೆ, ನಾಳೆ ಕೋರ್ಟಿನಲ್ಲಿ ಎತ್ತಿ ತೋರಿಸಬಹುದು.

ಆದರೆ ಇದೆಲ್ಲ ಅನ್ವಯಿಸೋದು ಅಧಿಸೂಚನೆಯ ಪಟ್ಟಿಯಲ್ಲಿರುವ ಯೋಜನೆಗಳಿಗೆ. ಗಣಿ ಇದೆ, ಉಷ್ಣವಿದ್ಯುತ್ ಇದೆ, ಸಿಮೆಂಟ್ ಇದೆ, ಬಂದರು ಇದೆ. ಬರೀ ಸಮುದ್ರದ ನೀರನ್ನ ಸಿಹಿ ಮಾಡೋ ಘಟಕ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಬೇಕಿರೋದು ಕರಾವಳಿ ನಿಯಂತ್ರಣ ವಲಯದ, ಅಂದ್ರೆ ಸಿಆರ್‌ಝಡ್ ಅನುಮತಿ. ಅಲ್ಲೂ ಪರಿಸರ ವರದಿ ಕೇಳ್ತಾರೆ, ನಕ್ಷೆ ಕೇಳ್ತಾರೆ. ಆದರೆ ಆ ವರದಿಯನ್ನ ಊರಿನವರ ಮುಂದೆ ಇಟ್ಟು ಅಹವಾಲು ಕೇಳಲೇಬೇಕು ಅಂತ ಇಲ್ಲ. ದಿನಕ್ಕೆ ಹತ್ತಾರು ಕೋಟಿ ಲೀಟರ್ ಸಮುದ್ರವನ್ನ ಒಳಗೆಳೆದು ಹೊರಬಿಡೋ ಕಾರ್ಖಾನೆಗೆ ಈ ವಿನಾಯಿತಿ!

ಪಕ್ಕದ ಚೆನ್ನೈ ಈ ದಾರಿಯಲ್ಲಿ ನಮಗಿಂತ ಬಹಳ ಮುಂದಿದೆ. 2010ರಲ್ಲಿ ಮೀಂಜೂರು, 2013ರಲ್ಲಿ ನೆಮ್ಮೇಲಿ, ಎರಡೂ ದಿನಕ್ಕೆ 10 ಕೋಟಿ ಲೀಟರಿನವು. 2024ರಲ್ಲಿ ನೆಮ್ಮೇಲಿಯಲ್ಲೇ 15 ಕೋಟಿ ಲೀಟರಿನ ಇನ್ನೊಂದು ಶುರುವಾಯಿತು. ಪೇರೂರಿನ ಯೋಜನೆ 40 ಕೋಟಿ ಲೀಟರಿನದು. 2019ರ ಬೇಸಿಗೆಯಲ್ಲಿ ಕೆರೆಗಳೆಲ್ಲ ಬತ್ತಿ, ರೈಲಿನಲ್ಲಿ ನೀರು ತರಿಸಿಕೊಂಡ ಊರದು. ಅವರ ಬಾಯಾರಿಕೆಯನ್ನ ಇಲ್ಲಿ ಕೂತು ಅನುಮಾನಿಸೋಕಾಗಲ್ಲ.

ಆದರೆ ಪ್ಲಾಂಟ್ ಒಳಗೆ ಆಗೋದೇನು? 100 ಲೀಟರ್ ಸಮುದ್ರದ ನೀರು ಎಳೆದುಕೊಂಡರೆ ಸಿಹಿನೀರಾಗಿ ಸಿಗೋದು ಸುಮಾರು 40ರಿಂದ 45 ಲೀಟರ್. ಉಳಿದದ್ದು ಹೆಚ್ಚುಕಮ್ಮಿ ಎರಡು ಪಟ್ಟು ಉಪ್ಪಾಗಿ ವಾಪಸ್ ಸಮುದ್ರಕ್ಕೆ. ಎಳೆಯುವಾಗ ನೀರಿನ ಜೊತೆ ಮೀನಿನ ಮೊಟ್ಟೆ, ಮರಿಗಳೂ ಬರುತ್ತವೆ. ಬಿಡುವಾಗ ಆ ಗಟ್ಟಿ ಉಪ್ಪುನೀರು ಭಾರಕ್ಕೆ ತಳಕ್ಕಿಳಿಯುತ್ತೆ. ಅದು ಬೇಗ ಕರಗಿ ಹೋಗುತ್ತಾ, ಅಲ್ಲೇ ನಿಲ್ಲುತ್ತಾ ಅನ್ನೋದನ್ನ ತೀರ್ಮಾನಿಸೋದರಲ್ಲಿ ಆ ಜಾಗದ ಪ್ರವಾಹದ ಪಾತ್ರ ದೊಡ್ಡದು.

ಇಲ್ಲೇ ಅಹವಾಲಿನ ನಿಜವಾದ ಬೆಲೆ ಇರೋದು. ತಮಿಳುನಾಡು ಕರಾವಳಿಯಲ್ಲಿ ನೈಋತ್ಯ ಮುಂಗಾರಿನಲ್ಲಿ ದಡದುದ್ದದ ಮರಳು ಉತ್ತರಕ್ಕೆ ಸರಿಯುತ್ತೆ, ಈಶಾನ್ಯ ಹಿಂಗಾರಿನಲ್ಲಿ ದಕ್ಷಿಣಕ್ಕೆ. ‘ರ‍್ಯಾಪಿಡ್’ ಅನ್ನೋ ಬಗೆಯ ಪರಿಸರ ವರದಿ ನಿಂತಿರೋದು ಒಂದೇ ಋತುವಿನ ಅಳತೆಗಳ ಮೇಲೆ. ವರ್ಷಕ್ಕೆರಡು ಸಲ ದಿಕ್ಕು ಬದಲಿಸೋ ಕಡಲನ್ನ ಒಂದು ಋತುವಿನಲ್ಲಿ ಅಳೆದರೆ ಅರ್ಧ ಕಥೆ ಮಾತ್ರ ಸಿಗುತ್ತೆ. ಉಳಿದರ್ಧ ಗೊತ್ತಿರೋದು ದಿನಾ ದೋಣಿ ಇಳಿಸೋರಿಗೆ. ಅಹವಾಲು ಅಂದ್ರೆ ‘ಪಾಪ, ಬಡವರ ಮಾತೂ ಕೇಳೋಣ’ ಅನ್ನೋ ಉಪಕಾರ ಅಲ್ಲ. ವರದಿಯಲ್ಲಿ ಇಲ್ಲದ ಮಾಹಿತಿಯನ್ನ ಪುಕ್ಕಟೆಯಾಗಿ ಪಡೆಯೋ ಅವಕಾಶ ಅದು.

ನೆಮ್ಮೇಲಿ ಪ್ಲಾಂಟಿನ ಪಕ್ಕದ ಸೂಲೇರಿಕಾಟ್ಟುಕುಪ್ಪಂ ಮೀನುಗಾರರ ದೂರು ಗೊತ್ತಿರುವಂಥದ್ದೇ: ದಡ ಕೊರೆದು ಹೋಗ್ತಿದೆ, ಮೀನು ಕಮ್ಮಿ ಆಗಿದೆ. ಇದಕ್ಕೆ ಪ್ಲಾಂಟೇ ಕಾರಣವಾ, ಬೇರೆ ಕಾಮಗಾರಿಗಳ ಪಾಲೆಷ್ಟು ಅಂತ ವಾದ ಮಾಡಬಹುದು. ಮಾಡಬೇಕು ಕೂಡ. ಆದರೆ ಆ ವಾದ ಕಾಂಕ್ರೀಟ್ ಬೀಳೋ ಮೊದಲೇ, ಎಲ್ಲರ ಎದುರು ಆಗಬೇಕಿತ್ತು.

ಹಾಗಂತ ಅಹವಾಲು ಕೇಳಿಬಿಟ್ಟರೆ ಎಲ್ಲ ಸರಿ ಅಂತಲೂ ಅಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ದೀರ್ಘ ಬರಗಾಲದ ಮಧ್ಯೆ, 2007ರ ಜೂನ್‌ನಲ್ಲಿ, ಮೆಲ್ಬರ್ನ್‌ಗೋಸ್ಕರ ವೊಂಥಾಗಿ ಬಳಿ ಪ್ಲಾಂಟ್ ಕಟ್ತೀವಿ ಅಂತ ಸರ್ಕಾರ ಘೋಷಿಸಿತು. ಪರಿಸರ ವರದಿ ಜನರ ಕೈಗೆ ಬಂದದ್ದು 2008ರಲ್ಲಿ. ದಪ್ಪ ದಪ್ಪ ಸಂಪುಟಗಳು, ತಜ್ಞರ ಸಮಿತಿ, ಎಲ್ಲ ಕ್ರಮಬದ್ಧ. ಆದರೆ ತೀರ್ಮಾನ ಮೊದಲು, ವಿಚಾರಣೆ ಆಮೇಲೆ! ‘ಯುವರ್ ವಾಟರ್ ಯುವರ್ ಸೇ’ ಅನ್ನೋ ಸ್ಥಳೀಯರ ಗುಂಪು ಫೆಡರಲ್ ಕೋರ್ಟಿಗೆ ಹೋಯಿತು, ಸೋತಿತು, ಕೋರ್ಟಿನ ಖರ್ಚೂ ತಲೆಗೆ ಬಿತ್ತು. ಪ್ಲಾಂಟ್ 2012ರ ಡಿಸೆಂಬರ್‌ನಲ್ಲಿ ಸಿದ್ಧವಾಗೋ ಹೊತ್ತಿಗೆ ಮಳೆ ವಾಪಸ್ ಬಂದಿತ್ತು. ಕುಡಿಯೋಕೆ ಅಂತ ಮೊದಲ ಆರ್ಡರ್ ಕೊಟ್ಟಿದ್ದು 2016ರಲ್ಲಿ. ಆಮೇಲೆ ಅದರ ನೀರು ಬಳಕೆಗೆ ಬಂದಿದೆ ನಿಜ. ಆದರೆ ಒಂದು ಹನಿ ತಗೊಳ್ಳದ ವರ್ಷಗಳಲ್ಲೂ ಗುತ್ತಿಗೆ ಪ್ರಕಾರ ದುಡ್ಡು ಕಟ್ಟಲೇಬೇಕಿತ್ತು, ಅದು ಜನರ ನೀರಿನ ಬಿಲ್ಲಿಗೇ ಬಂತು.

ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚಿನದು ಬೇರೆ ಕಥೆ. ಪೊಸೈಡನ್ ಕಂಪನಿ ದಿನಕ್ಕೆ ಸುಮಾರು 19 ಕೋಟಿ ಲೀಟರಿನ ಪ್ಲಾಂಟಿಗಾಗಿ 20 ವರ್ಷ ಓಡಾಡಿತು. ಅಲ್ಲಿನ ಕೋಸ್ಟಲ್ ಕಮಿಷನ್ 2022ರ ಮೇ 12ರಂದು ಒಮ್ಮತದಿಂದ ಬೇಡ ಅಂದಿತು. ಕಡಲಜೀವಿಗಳಿಗೆ ಆಗೋ ಹಾನಿಯ ಜೊತೆಗೆ, ಇಷ್ಟು ದುಬಾರಿ ನೀರು ಈ ಜಾಗಕ್ಕೆ ಬೇಕಾ, ಅದರ ಹೊರೆ ಬಡ ಕುಟುಂಬಗಳ ಮೇಲೆ ಎಷ್ಟು ಬೀಳುತ್ತೆ ಅನ್ನೋದೂ ಚರ್ಚೆಗೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಕಮಿಷನ್ ಡೊಹೆನಿ ಬೀಚಿನ ಪ್ಲಾಂಟಿಗೆ ಒಪ್ಪಿಗೆ ಕೊಟ್ಟಿತು. ಅದು ಇದರ ಹತ್ತರಲ್ಲೊಂದು ಪಾಲಿನದು. ಕಡಲತಳದ ಮರಳಿನಡಿಯ ಬಾವಿಗಳಿಂದ ನೀರೆಳೆಯೋದರಿಂದ ಮೊಟ್ಟೆ, ಮರಿ ಒಳಗೆ ಬರಲ್ಲ. ‘ಬೇಕಾ?’ ಅಂತ ಕೇಳೋ ಧೈರ್ಯ ಇದ್ದರೆ ‘ಹೇಗೆ?’ ಅನ್ನೋದಕ್ಕೂ ಒಳ್ಳೆ ಉತ್ತರ ಸಿಗುತ್ತೆ.

ನಮ್ಮಲ್ಲಿ ಗಾಳಿ ಬೀಸ್ತಿರೋದು ಎದುರು ದಿಕ್ಕಿಗೆ. 2020ರ ಮಾರ್ಚ್‌ನಲ್ಲಿ ಕೇಂದ್ರ ತಂದ ಪರಿಸರ ಅಧಿಸೂಚನೆಯ ಕರಡು, ಅಹವಾಲಿನ ನೋಟಿಸ್ ಅವಧಿಯನ್ನ 30ರಿಂದ 20 ದಿನಕ್ಕೆ ಇಳಿಸೋಕೆ ಹೊರಟಿತ್ತು. ಜನರ ಅಭಿಪ್ರಾಯ ಕೇಳಿದ ಆ ಕರಡು ಪ್ರಕಟವಾಗಿದ್ದು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡದಲ್ಲಿ ಇಲ್ಲದೆ ಕರ್ನಾಟಕದವರು ಅಭಿಪ್ರಾಯ ಹೇಳೋದು ಹೇಗೆ ಅನ್ನೋ ಪ್ರಶ್ನೆ ನಮ್ಮ ಹೈಕೋರ್ಟಿನವರೆಗೂ ಹೋಗಿ, ಅಧಿಸೂಚನೆಯನ್ನ ಅಂತಿಮಗೊಳಿಸದಂತೆ ಆ ಆಗಸ್ಟ್‌ನಲ್ಲಿ ತಾತ್ಕಾಲಿಕ ತಡೆ ಬಂತು. ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳೋದು, ಕೇಳಲಿಲ್ಲ ಅನ್ನೋದಕ್ಕಿಂತ ಏನು ದೊಡ್ಡದು?

ಹಾಗಾಗಿ ನನ್ನ ಒತ್ತಾಯ ಇಷ್ಟೇ. ಮೊದಲನೆಯದು, ಈ ಘಟಕಗಳು ಅಹವಾಲಿನ ಪಟ್ಟಿಗೆ ಬರಲಿ. ಎರಡನೆಯದು, ಕಡಲನ್ನ ಎರಡೂ ಮಾನ್ಸೂನಿನಲ್ಲಿ ಅಳೆಯಲಿ. ಮೂರನೆಯದು ನಮಗೆ, ಅಂದ್ರೆ ನಲ್ಲಿ ತಿರುಗಿಸೋರಿಗೆ ಸಂಬಂಧಪಟ್ಟದ್ದು: ಅಹವಾಲು ಎರಡು ಕಡೆ ನಡೀಲಿ, ಪ್ಲಾಂಟ್ ಬರೋ ಊರಲ್ಲಿ ಮತ್ತು ನೀರು ಹೋಗೋ ಊರಲ್ಲಿ. ಪೈಪಿನಲ್ಲಿ ಸೋರಿಹೋಗೋ ನೀರೆಷ್ಟು, ಸಂಸ್ಕರಿಸಿ ಮತ್ತೆ ಬಳಸಬಹುದಾದ ಕೊಳಚೆನೀರೆಷ್ಟು, ತುಂಬಿಸದೇ ಬಿಟ್ಟ ಕೆರೆ ಎಷ್ಟು ಅಂತ ಮೊದಲು ನಮ್ಮನ್ನ ಕೇಳಲಿ. ಆ ಲೆಕ್ಕ ಕೊಟ್ಟ ಮೇಲೂ ನೀರು ಸಾಲಲ್ಲ ಅಂದ್ರೆ ಆಗ ಮಂಗಳೂರಿಗೆ ಹೋಗೋಣ. ಹೋಗೋವಾಗ ಪೈಪಿನ ನಕ್ಷೆಗಿಂತ ಮೊದಲು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಪ್ರಶ್ನೆಗಳನ್ನ ತಗೊಂಡು ಹೋಗೋಣ. ಉತ್ತರ ‘ಬೇಡ’ ಅಂತ ಬಂದರೆ ಅದನ್ನೂ ಬರ್ಕೊಂಡು ಬರೋಣ.